ಕೋರ್ಸ್ ಬಿಡುವ ಮುಂಚೆ

ಪ್ರಶ್ನೆ: ಮಗಳು ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜಿನಲ್ಲಿ ಎಫ್-1 ವೀಸಾದ ಮೇಲೆ ಓದುತ್ತಿದ್ದಾಳೆ. ಇದು ಮೊದಲ ಸೆಮಿಸ್ಟರ್, ಒಟ್ಟು 13 ಯೂನಿಟ್. 5 ಯೂನಿಟ್‌ನ ಕ್ಯಾಲ್ಕ್ಯುಲಸ್ ತಲೆಗೆ ಹತ್ತುತ್ತಿಲ್ಲವಂತೆ. ಬಿಡಬಹುದೇ?
– ಓದುಗರೊಬ್ಬರು, ಹಾಸನ

ಉತ್ತರ: ದಯವಿಟ್ಟು ಅವಳೇ ಪೋರ್ಟಲ್‌ನಲ್ಲಿ ‘ಡ್ರಾಪ್’ ಒತ್ತದಿರಲಿ. ಉಳಿಯುವುದು 8 ಯೂನಿಟ್; ಎಫ್-1ಗೆ ಕನಿಷ್ಠ 12 ಬೇಕು. ಮೊದಲೇ ಅನುಮತಿ ಪಡೆಯದೆ ಅದಕ್ಕಿಂತ ಕೆಳಗಿಳಿದರೆ ಸೆವಿಸ್ (ವಿದೇಶಿ ವಿದ್ಯಾರ್ಥಿಗಳ ಬಗ್ಗೆ ಅಮೆರಿಕ ಸರ್ಕಾರ ಇಡುವ ಮಾಹಿತಿ ವ್ಯವಸ್ಥೆ) ದಾಖಲೆ ರದ್ದಾಗಬಹುದು, ಅದನ್ನು ಮತ್ತೆ ಸರಿಪಡಿಸಿಕೊಳ್ಳುವುದು ಬಲು ಕಷ್ಟ. ಮೊದಲು ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯ ಡಿಎಸ್‌ಒ (ಎಫ್-1 ವಿದ್ಯಾರ್ಥಿಗಳ ದಾಖಲೆ ನೋಡಿಕೊಳ್ಳುವ ಕಾಲೇಜಿನ ಅಧಿಕಾರಿ) ಅವರನ್ನು ಕಾಣಬೇಕು.

‘ಮಾರ್ಕ್ಸ್ ಕಡಿಮೆ ಬರುತ್ತದೆ’ ಎಂಬ ಕಾರಣ ನಡೆಯುವುದಿಲ್ಲ. ಅಲ್ಲಿನ ಬೋಧನಾ ಕ್ರಮ ಹೊಸದು, ಇಂಗ್ಲಿಷಿನ ಆರಂಭಿಕ ತೊಡಕು, ತಪ್ಪು ಹಂತದ ಕೋರ್ಸಿಗೆ ಸೇರಿದ್ದು – ಇವು ಒಪ್ಪುವ ಕಾರಣಗಳು. ಆಗಲೂ ಕನಿಷ್ಠ 6 ಯೂನಿಟ್ ಇರಬೇಕು, ಮುಂದಿನ ಸೆಮಿಸ್ಟರಿಗೆ ಪೂರ್ತಿ ಹೊರೆ ಹೊರಬೇಕು. ಈ ರಿಯಾಯಿತಿ ಒಂದು ಹಂತದ ಓದಿಗೆ ಒಮ್ಮೆ ಮಾತ್ರ. ಹಾಗಾಗಿ ಅದನ್ನು ಈಗಲೇ ಬಳಸಿಬಿಡಬೇಕೇ ಎಂದು ಯೋಚಿಸಿ.

ನಮ್ಮ ಸಲಹೆ: ಮೊದಲು ಟ್ಯೂಟರಿಂಗ್ ಸೆಂಟರ್. ಸಾಮಾನ್ಯವಾಗಿ ಉಚಿತ. ಬರಿಗೈಯಲ್ಲಿ ಹೋದರೆ ಪ್ರಯೋಜನ ಕಡಿಮೆ. ತಾನು ಬಿಡಿಸಲು ಹೊರಟು ಸಿಕ್ಕಿಬಿದ್ದ ಲೆಕ್ಕವನ್ನು, ಯಾವ ಸಾಲಿನಲ್ಲಿ ನಿಂತಿತೆಂದು ಗುರುತು ಹಾಕಿ ಒಯ್ಯಲಿ. ಕ್ಯಾಲ್ಕ್ಯುಲಸ್ ಬದಲಿಗೆ ಆನ್‌ಲೈನ್ ಕೋರ್ಸ್ ಸೇರಿಸುವುದಾದರೆ, 12ರ ಲೆಕ್ಕಕ್ಕೆ ಹಿಡಿಯುವುದು 3 ಯೂನಿಟ್‌ವರೆಗೆ ಮಾತ್ರ.