ಪ್ರತಿಕ್ರಿಯೆ: ‘ಏಂಟ್ ನೋ ಸನ್‌ಶೈನ್’ ಹಾಡಿನ ನಡುವಿನ ಚರಣ ಕಾಣೆಯಾಗಿದೆಯೇ?

ಈ ಹಾಡನ್ನು ಕಾರ್ಯಕ್ರಮದಲ್ಲಿ ಹಾಡಲಿರುವ ನೀವು, ನಿಮ್ಮಲ್ಲಿರುವ ಧ್ವನಿಮುದ್ರಿಕೆಯಲ್ಲಿ ನಡುವಿನ ಚರಣ ಕಾಣೆಯಾಗಿದೆಯೇ ಎಂದು ಕೇಳಿದ್ದೀರಿ. ಹಾಡಿನ ನಡುವೆ ‘ಐ ನೋ’ (ನನಗೆ ಗೊತ್ತು) ಎಂಬ ಎರಡೇ ಪದಗಳು ಮರುಕಳಿಸುವುದು ಧ್ವನಿಮುದ್ರಿಕೆಯ ದೋಷವೆಂಬ ನಿಮ್ಮ ಶಂಕೆ ಸರಿಯಲ್ಲ. ಅಲ್ಲಿ ಬರಬೇಕಿದ್ದ ಸಾಹಿತ್ಯವನ್ನು ಈ ಹಾಡನ್ನು ಬರೆದು ಹಾಡಿದ ಅಮೆರಿಕದ ಗಾಯಕ ಬಿಲ್ ವಿದರ್ಸ್ ಬರೆಯಲೇ ಇಲ್ಲ. 1971ರಲ್ಲಿ ಬಿಡುಗಡೆಯಾದ ಈ ಹಾಡನ್ನು ಧ್ವನಿಮುದ್ರಿಸುವಾಗ ಅವರು ವಿಮಾನಗಳ ಶೌಚಾಲಯದ ಆಸನಗಳನ್ನು ತಯಾರಿಸುವ ಕಾರ್ಖಾನೆಯ ನೌಕರರಾಗಿದ್ದರು. ಖಾಲಿ ಜಾಗವನ್ನು ಮುಂದೆ ತುಂಬಿದರಾಯಿತೆಂದು ತಾತ್ಕಾಲಿಕವಾಗಿ ಹಾಡಿಕೊಂಡಿದ್ದ ಆ ಪದಗಳನ್ನು ಕೇಳಿದ ನಿರ್ಮಾಪಕ ಬೂಕರ್ ಟಿ. ಜೋನ್ಸ್ ಮತ್ತು ಜೊತೆಗಿದ್ದ ಅನುಭವಿ ವಾದಕರು ಹಾಗೆಯೇ ಬಿಡುವಂತೆ ಸೂಚಿಸಿದರು. ಹೊಸಬರಾಗಿದ್ದ ವಿದರ್ಸ್ ಆ ಅನುಭವಿಗಳ ಮಾತನ್ನು ಮನ್ನಿಸಿದರು. ಹೇಳಲು ಮಾತು ಸಿಗದವನ ಸಂಕಟವನ್ನು ಬರೆದ ಯಾವ ಸಾಲೂ ಇಷ್ಟು ಚೆನ್ನಾಗಿ ಹೇಳುತ್ತಿರಲಿಲ್ಲ ಎಂದೇ ನನ್ನ ಭಾವನೆ.

ಮೊದಲು ನಿಮ್ಮ ಪ್ರತಿಯಲ್ಲಿ ಆ ಪದಗಳನ್ನು ಎಣಿಸಿ ನೋಡಿ. ಮೂಲದಲ್ಲಿ ಅವು 26 ಬಾರಿ ಬರುತ್ತವೆ. ಎಣಿಕೆ ಹೊಂದದಿದ್ದರೆ ಮಾತ್ರ ಬೇರೊಂದು ಪ್ರತಿಯನ್ನು ಹುಡುಕಿ. ನಿಮ್ಮದನ್ನು ನಾನು ಕೇಳಿಲ್ಲವಾದ್ದರಿಂದ ಇಷ್ಟನ್ನು ನೀವೇ ಪರೀಕ್ಷಿಸಬೇಕು. ಆಮೇಲೆ, ಕಾರ್ಯಕ್ರಮದಲ್ಲಿ ಹಾಡಲಿರುವುದರಿಂದ, ಆ ಭಾಗದಲ್ಲಿ ಗಿಟಾರ್ ಮತ್ತು ಕೀಬೋರ್ಡ್ ವಾದಕರು ಸಂಪೂರ್ಣವಾಗಿ ಸುಮ್ಮನಿರುವಂತೆ ಮುಂಚೆಯೇ ಕೇಳಿಕೊಂಡು, ಡ್ರಮ್ಮಿನ ಲಯವೊಂದನ್ನೇ ಆಧಾರವಾಗಿಟ್ಟುಕೊಂಡು ಅಭ್ಯಾಸ ಮಾಡಿ. ಉಸಿರು ಎಲ್ಲಿ ತೆಗೆದುಕೊಳ್ಳಬೇಕೆಂಬುದನ್ನು ಕಾಗದದ ಮೇಲೆ ಪೆನ್ಸಿಲಿನಿಂದ ಗುರುತಿಸಿಕೊಳ್ಳಿ. ಎಣಿಕೆ ತಪ್ಪುವುದು ಸಾಮಾನ್ಯವಾಗಿ ಉಸಿರು ಸಾಲದ ಕಡೆಯಲ್ಲೇ. ದಯವಿಟ್ಟು ಅಲ್ಲಿ ಆಲಾಪವನ್ನಾಗಲಿ ಹೊಸ ಸಾಲನ್ನಾಗಲಿ ಸೇರಿಸಬೇಡಿ. ಕೊನೆಯ ‘ಐ ನೋ’ ಮುಗಿದೊಡನೆ ವಾದ್ಯಗಳು ಮರಳಿ ಬರಲು ಯಾರು ಸನ್ನೆ ಮಾಡಬೇಕೆಂಬುದನ್ನು ಡ್ರಮ್ ವಾದಕರೊಂದಿಗೆ ನಿಶ್ಚಯಿಸಿಕೊಂಡರೆ ಸಾಕು.