ಆನ್‌ಲೈನ್ ಜೂಜು: ನಿಷೇಧವೋ, ನಿಯಂತ್ರಣವೋ?

ಪ್ರಶ್ನೆ: ಅಮೆರಿಕದ ನ್ಯೂಜೆರ್ಸಿ 2013ರಿಂದ ಮಾಡುತ್ತಿರುವಂತೆ, ನಮ್ಮ ರಾಜ್ಯಗಳೂ ಆನ್‌ಲೈನ್ ಕ್ಯಾಸಿನೊಗಳಿಗೆ ಪರವಾನಗಿ ಕೊಟ್ಟು ತೆರಿಗೆ ಪಡೆಯಬಾರದೇಕೆ?

ಉತ್ತರ: ಜೂಜು ಸಂವಿಧಾನದ ರಾಜ್ಯಪಟ್ಟಿಯಲ್ಲಿರುವ ವಿಷಯವಾದರೂ, 2025ರಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆಯು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ದೇಶದಾದ್ಯಂತ ನಿಷೇಧಿಸಿರುವುದರಿಂದ, ಸದ್ಯಕ್ಕೆ ಆ ದಾರಿ ಮುಚ್ಚಿದೆ. ಕರ್ನಾಟಕವು 2021ರಲ್ಲಿ ಪೊಲೀಸ್ ಕಾಯ್ದೆಗೆ ತಂದಿದ್ದ ಇಂಥದ್ದೇ ತಿದ್ದುಪಡಿಯ ಮುಖ್ಯ ಅಂಶಗಳನ್ನು, ಅವು ಕೌಶಲದ ಆಟಗಳನ್ನೂ ಜೂಜಿನ ಸಾಲಿಗೆ ಸೇರಿಸಿದ್ದವೆಂಬ ಕಾರಣಕ್ಕೆ, ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ರದ್ದುಪಡಿಸಿತ್ತು.

ನ್ಯೂಜೆರ್ಸಿಯಲ್ಲಿ ಆಟಗಾರನಿಗೆ 21 ವರ್ಷ ತುಂಬಿರಬೇಕು, ಆಡುವಾಗ ಅವನು ರಾಜ್ಯದ ಗಡಿಯೊಳಗಿರಬೇಕು. ಚಟ ಬಿಡಬಯಸುವವರು ತಮ್ಮ ಹೆಸರನ್ನು ತಾವೇ ನಿರ್ಬಂಧಿತರ ಪಟ್ಟಿಗೆ ಸೇರಿಸಬಹುದು. ನಿಷೇಧದಿಂದ ಕಳ್ಳದಾರಿಗಳು ಪೂರ್ತಿ ಮುಚ್ಚುವುದಿಲ್ಲವೆಂಬುದು ನಿಜ. ಆದರೂ ಮಧ್ಯರಾತ್ರಿಯಲ್ಲಿ ಮೊಬೈಲಿನಿಂದಲೇ ತಿಂಗಳ ಸಂಬಳವನ್ನೆಲ್ಲ ಕಳೆದುಕೊಳ್ಳಬಹುದಾದ ಕಡೆ, ಅಂಥ ಕಾವಲಿಲ್ಲದೆ ತೆರಿಗೆಯ ಆಸೆಗಾಗಿ ಪರವಾನಗಿ ಕೊಡುವುದನ್ನು ನಾನು ಒಪ್ಪಲಾರೆ.