ಟೆಸ್ಟರ್ ಹತ್ತುವುದಿಲ್ಲ, ಎಮ್ಮೆ ಬೆಚ್ಚುತ್ತದೆ

ಪ್ರಶ್ನೆ: ನಮ್ಮದು ಗದಗ ಜಿಲ್ಲೆಯ ರೋಣ ತಾಲೂಕು. ಕೊಟ್ಟಿಗೆಯಲ್ಲಿ ಕಬ್ಬಿಣದ ನೀರಿನ ತೊಟ್ಟಿ ಇದೆ. ಸಂಜೆ ಹೊತ್ತು ಎಮ್ಮೆ ಅದಕ್ಕೆ ಬಾಯಿ ಹಚ್ಚಿದ ಕೂಡಲೇ ಹಿಂದೆ ಜಿಗಿಯುತ್ತದೆ. ಬೆಳಿಗ್ಗೆ ಅದೇ ನೀರು ಸುಮ್ನೆ ಕುಡಿಯುತ್ತದೆ. ಟೆಸ್ಟರ್ ಹಚ್ಚಿದರೆ ದೀಪ ಹತ್ತಲಿಲ್ಲ. ಕೈಯಿಟ್ಟರೂ ನನಗೇನೂ ಆಗಲಿಲ್ಲ. ಅವ್ವ ದೃಷ್ಟಿ ಆಗಿದೆ ಅಂತಾಳೆ. ಕರೆಂಟ್ ಇರಬಹುದೇ ಸರ್?

ಉತ್ತರ: ಇರಬಹುದು. ಅವ್ವ ದೃಷ್ಟಿ ತೆಗೆಯಲಿ, ನನ್ನದೇನೂ ತಕರಾರಿಲ್ಲ. ಟೆಸ್ಟರನ್ನು ಮಾತ್ರ ನಂಬಬೇಡಿ. ಅದರೊಳಗಿನ ನಿಯಾನ್ ದೀಪ ಹತ್ತಲು ಸುಮಾರು 60 ವೋಲ್ಟಿಗಿಂತ ಜಾಸ್ತಿ ಬೇಕು. ದನಕ್ಕೆ ಮೂರ್ನಾಲ್ಕು ವೋಲ್ಟ್ ಸಾಕು. ಒದ್ದೆ ಬಾಯಿ, ಗಂಜಲದಲ್ಲಿ ನೆನೆದ ಗೊರಸು; ಕರೆಂಟಿಗೆ ಅದರ ಮೈ ಒಡ್ಡುವ ತಡೆ (ರೆಸಿಸ್ಟೆನ್ಸ್) ಸುಮಾರು 500 ಓಮ್ ಅಷ್ಟೇ. ನೀವು ಚಪ್ಪಲಿ ಮೆಟ್ಟಿ ಒಣ ಕೈ ಇಟ್ಟಿರುತ್ತೀರಿ, ಅಲ್ವಾ? ಇನ್ನೊಮ್ಮೆ ಆ ಧೈರ್ಯ ಬೇಡ.

ಮಲ್ಟಿಮೀಟರ್ ಇರುವ ವೈರ್‌ಮನ್‌ನನ್ನು ಸಂಜೆಯೇ ಕರೆಸಿ. ಎಸಿ ವೋಲ್ಟಿಗೆ ಇಟ್ಟು ಒಂದು ತುದಿ ತೊಟ್ಟಿಗೆ, ಇನ್ನೊಂದು ಎಮ್ಮೆ ನಿಲ್ಲುವ ಒದ್ದೆ ನೆಲಕ್ಕೆ. ಆಮೇಲೆ ಫೇಸ್ (ಕರೆಂಟ್ ಬರುವ ತಂತಿ), ನ್ಯೂಟ್ರಲ್ (ವಾಪಸ್ ಹೋಗುವ ತಂತಿ) ಎರಡನ್ನೂ ಕಡಿಯುವ ಮೇನ್ ಸ್ವಿಚ್ ಆಫ್ ಮಾಡಿ. ವೋಲ್ಟ್ ಹೋಯಿತೆಂದರೆ ತಪ್ಪು ನಿಮ್ಮ ವೈರಿಂಗಿನಲ್ಲೇ. ಮೋಟಾರಿನ ಕಬ್ಬಿಣದ ಮೈಗೆ ಅರ್ಥಿಂಗ್ ಬದಲು ನ್ಯೂಟ್ರಲ್ ಕೊಟ್ಟಿದ್ದರೆ, ಅದು ಕಬ್ಬಿಣದ ಪೈಪಿನಲ್ಲಿ ತೊಟ್ಟಿಗೆ ಬರುತ್ತದೆ. ಸಂಜೆ ಲೋಡ್ ಏರಿದರೆ ನ್ಯೂಟ್ರಲ್ ವೋಲ್ಟೇಜೂ ಏರುತ್ತದೆ.

ಮೇನ್ ಆಫ್ ಮಾಡಿದರೂ ವೋಲ್ಟ್ ಹೋಗದಿದ್ದರೆ ಹೊರಗೆ ಹುಡುಕಬೇಕು. ನಮ್ಮ ಕಡೆ ಒಂದು ಕೆಟ್ಟ ರೂಢಿ ಇದೆ. ನ್ಯೂಟ್ರಲ್ ಕಟ್ಟಾಗಿದೆ ಅಂತ ನೆಲಕ್ಕೆ ರಾಡ್ ಬಡಿದು ಅದರ ಮೇಲೆಯೇ ಲೈಟ್ ಹಚ್ಚುತ್ತಾರೆ. ಬೆಳಕೇನೋ ಬರುತ್ತದೆ, ಆದರೆ ಕರೆಂಟ್ ಮಣ್ಣಿನೊಳಗಿಂದ ಟಿಸಿಗೆ (ಟ್ರಾನ್ಸ್‌ಫಾರ್ಮರಿಗೆ) ವಾಪಸ್ ಹೋಗುತ್ತದೆ. ರಾಡಿನ ಹತ್ತಿರದ ನೆಲದಲ್ಲಿ ವೋಲ್ಟೇಜ್ ಜಾಸ್ತಿ, ದೂರ ಹೋದಂತೆ ಕಡಿಮೆ. ನಿಮ್ಮ ಕೊಟ್ಟಿಗೆ ಗೋಡೆಯ ಆಚೆ ಅಂಥ ರಾಡ್ ಇದೆಯಾ, ಸಂಜೆ ಯಾರ ಮನೆ ಲೈಟ್ ಹತ್ತಿದಾಗ ಎಮ್ಮೆ ಬೆಚ್ಚುತ್ತದೆ, ನೋಡಿ. ಜಗಳ ಬೇಡ, ಹೆಸ್ಕಾಂನ 1912ಕ್ಕೆ ದೂರು ಕೊಡಿ. ಟಿಸಿಯ ಅರ್ಥಿಂಗ್ ತಂತಿಯನ್ನು ನೀವೇ ಮುಟ್ಟಲು ಹೋಗಬೇಡಿ.

ನಿಮ್ಮದೇ ಅರ್ಥಿಂಗ್ ಬೇರೆ ಮಾಡಿಸಿ: 2.5 ಮೀಟರ್ ಜಿಐ ಪೈಪ್, ಸುತ್ತ ಇದ್ದಿಲು, ಉಪ್ಪು. ಎರೆ ಮಣ್ಣು ಹಸಿ ಇದ್ದಾಗ ಒಳ್ಳೆಯದು, ಬೇಸಿಗೆಯಲ್ಲಿ ಬಿರಿದು ಪೈಪನ್ನು ಬಿಟ್ಟುಕೊಡುತ್ತದೆ. ಆಗಾಗ ನೀರು ಹಾಕಿ. ಲೀಕೇಜ್ ಆದರೆ ತಾನೇ ಕರೆಂಟ್ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಸ್ವಿಚ್ ಕೂಡಿಸಿ. ಮನೆಯೊಳಗಿನ ಲೀಕೇಜಿಗೆ ಅದು ಟ್ರಿಪ್ ಆಗುತ್ತದೆ, ನೆಲದಿಂದ ಬರುವುದನ್ನು ತಡೆಯುವುದಿಲ್ಲ. ರಿಪೇರಿ ಆಗುವವರೆಗೆ ಎಮ್ಮೆಗೆ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ, ಪೈಪ್ ಹಚ್ಚದೆ, ಕೊಡದಿಂದ ತಂದು ನೀರಿಡಿ.